ಡಾಕ್ಟರ್ ಹೇಳಿದ್ದರಲ್ಲಿ ಅರ್ಧ

ಕಳೆದ ವಾರ ಅಣ್ಣನ ಟ್ರಂಕ್ ಒಯ್ಯಲು ಊರಿನಿಂದ ಅತ್ತಿಗೆ ಮದ್ರಾಸಿಗೆ ಬಂದಿದ್ದರು. ಕಾಫಿ ಲೋಟ ಕೆಳಗಿಟ್ಟವರೇ ಕೇಳಿದರು: "ವಾಸು, ಡಾಕ್ಟ್ರು ಅವತ್ತು ಇವರ ಕಾಲು ನೋಡಿ ಎಂತ ಹೇಳಿದ್ದು?"

ಅಣ್ಣ ಹೋಗಿ ಮೂರು ತಿಂಗಳಾಯಿತು. ನಿಮಗೆ ಈ ಅಂಕಣದಲ್ಲಿ ಹೇಳಿರಲಿಲ್ಲ. (ಏನೆಂದು ಹೇಳಲಿ?)

ಕೋಡಂಬಾಕ್ಕಂನ ನಮ್ಮ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ಅವನು ಹದಿನೆಂಟು ವರ್ಷ ನಿಂತ. ಗಲ್ಲಾದಲ್ಲಿ ನಾನು ಕೂತೆ. ಅವನ ಕಾಲಿನ ರಕ್ತನಾಳಗಳು ಹಗ್ಗದ ಹಾಗೆ ಉಬ್ಬಿ ಸುರುಳಿ ಸುತ್ತಿದ್ದವು. "ಮದ್ರಾಸಲ್ಲಿ ಟ್ರಾಮ್ ನಿಂತ್ರೂ ನನ್ನ ಕಾಲಲ್ಲಿ ಲೈನ್ ಉಂಟು ಮಾರಾಯ" ಎಂದು ನಗುತ್ತಿದ್ದ. ಪಾದದ ಗಂಟಿನ ಹತ್ತಿರ ಹುಣ್ಣಾದ ಮೇಲೆ ನಾನೇ ಕೀಲ್ಪಾಕಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ಮಾತಾಡಿದ್ದು ಇಂಗ್ಲಿಷಿನಲ್ಲಿ. ಅಣ್ಣನಿಗೆ ನಮ್ಮ ಕನ್ನಡ ಬಿಟ್ಟರೆ ಅಡುಗೆಮನೆಯ ತಮಿಳಷ್ಟೇ ಗೊತ್ತು. ದುಭಾಷಿ ನಾನು.

ಇಂಜೆಕ್ಷನ್ ಕೊಟ್ಟು ನಾಳ ಮುಚ್ಚಿಸಬಹುದು, ಆದರೆ ಇಷ್ಟು ಉಬ್ಬಿದ್ದಕ್ಕೆ ಅದು ಸಾಲದು ಎಂದರು. ಆಪರೇಷನ್ನೇ ಒಳ್ಳೆಯದಂತೆ. ತೊಡೆಸಂದಿಯಲ್ಲಿ ನಾಳವನ್ನು ಕಟ್ಟಿ, ಒಳಗೆ ತಂತಿ ತೂರಿಸಿ, ಉದ್ದಕ್ಕೂ ಎಳೆದು ತೆಗೆಯುತ್ತಾರೆ. ಆಮೇಲೆ ಒಂದು ತಿಂಗಳು ನಿಲ್ಲುವ ಕೆಲಸ ಕೂಡದು. ಆಪರೇಷನ್ ಆಗುವವರೆಗೆ ಬ್ಯಾಂಡೇಜ್. ರಕ್ತ ಬಂದರೆ ಕೂಡಲೇ ಮಲಗಿಸಿ, ಕಾಲು ಮೇಲೆತ್ತಿ, ಒತ್ತಿ ಹಿಡಿಯಬೇಕು.

ಅಣ್ಣ ನನ್ನ ಮುಖ ನೋಡಿದ. "ಎಂತ ಹೇಳ್ತಾರೆ?"

ನವರಾತ್ರಿಗೆ ಹತ್ತು ದಿನವಿತ್ತು. ಸಿನಿಮಾ ಸ್ಟುಡಿಯೋದವರು ಬರುತ್ತಿದ್ದದ್ದೇ ಅವನ ಕೈಯ ದೋಸೆಗೆ. ಅವನು ಮಲಗಿದರೆ ಕಲ್ಲಿನ ಮುಂದೆ ಯಾರು?

"ಬ್ಯಾಂಡೇಜ್ ಕಟ್ಟಿದ್ರೆ ಸಾಕಂತೆ" ಎಂದೆ.

(ಹಬ್ಬ ಕಳೆಯಲಿ, ಪೂರ್ತಿ ಹೇಳೋಣ ಎಂದುಕೊಂಡಿದ್ದೆ. ನೀವು ಹೀಗೆ ಅಂದುಕೊಂಡದ್ದೇ ಇಲ್ಲವೇ?) ನವರಾತ್ರಿ ಕಳೆಯಿತು. ದೀಪಾವಳಿ ಬಂತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾನು ತರಕಾರಿ ತರಲು ಮಾರ್ಕೆಟ್ಟಿಗೆ ಹೋಗಿದ್ದೆ. ಕಲ್ಲಿನ ಮುಂದೆ ನಿಂತಿದ್ದಾಗಲೇ ನಾಳ ಒಡೆದು ರಕ್ತ ಚಿಮ್ಮಿತಂತೆ. ಅಡುಗೆಯವರು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲು ಇಳಿಬಿಟ್ಟು, ಕಾಫಿಪುಡಿ ಮೆತ್ತಿದರು. ಗಾಯಕ್ಕೆ ಅವರು ಯಾವಾಗಲೂ ಮಾಡುವುದು ಅದನ್ನೇ. ಮಲಗಿಸಬೇಕೆಂದು ತಿಳಿದಿದ್ದವನು ಇಡೀ ಹೋಟೆಲಿನಲ್ಲಿ ನಾನೊಬ್ಬನೇ. ಆಸ್ಪತ್ರೆ ಮುಟ್ಟುವ ಮೊದಲೇ ಅಣ್ಣ ಹೋಗಿದ್ದ.

ಅತ್ತಿಗೆ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಈ ಸಲವೂ "ಬ್ಯಾಂಡೇಜ್ ಸಾಕು ಅಂದಿದ್ರು" ಎಂದೆ.

ಅವರು ನನ್ನನ್ನೇ ಸಮಾಧಾನ ಮಾಡಿದರು. "ನೀನಾದ್ರೂ ಎಂತ ಮಾಡ್ತೀ? ಕರ್ಕೊಂಡು ಹೋದೆಯಲ್ಲ, ಅಷ್ಟೇ ದೊಡ್ಡದು."

ಇವತ್ತು ಅತ್ತಿಗೆಯನ್ನೂ ಟ್ರಂಕನ್ನೂ ರೈಲಿಗೆ ಹತ್ತಿಸಿ ಬಂದವನು ನೇರವಾಗಿ ಇದನ್ನು ಬರೆಯಲು ಕೂತೆ. ಅತ್ತಿಗೆ ಈ ಅಂಕಣವನ್ನು ಒಂದು ವಾರವೂ ತಪ್ಪಿಸುವುದಿಲ್ಲ.