ಮುರಿದ ಸೂಜಿಯ ಮೂರನೇ ಚೂರು

ಸೂಜಿ ಅಕ್ಕನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಎಳೆಮಕ್ಕಳ ಬಟ್ಟೆ ಹೊಲಿಯುವ ಆ ಕಾರ್ಖಾನೆಯ ನಲವತ್ತು ಮಂದಿಗೂ ಇದು ಗೊತ್ತು. ಹನ್ನೊಂದು ವರ್ಷದಿಂದ ಸೂಜಿ ಡಬ್ಬಿಯ ಬೀಗದ ಕೈ ಅವಳ ಸೊಂಟದಲ್ಲಿದೆ. ಸೂಜಿ ಮುರಿದವರು ಚೂರುಗಳನ್ನೆಲ್ಲ ಹೆಕ್ಕಿ ತರಬೇಕು. ಅವಳು ಅವನ್ನು ಜೋಡಿಸಿ, ಪೂರ್ತಿ ಸೂಜಿಯಾಯಿತೆಂದು ಕಂಡ ಮೇಲೆ ಪುಸ್ತಕದಲ್ಲಿ ಟೇಪು ಹಚ್ಚಿ ಅಂಟಿಸಿ, ಆಮೇಲೆ ಹೊಸದನ್ನು ಕೊಡುತ್ತಾಳೆ. ಒಂದು ಚೂರು ಕಡಿಮೆಯಾದರೂ ಆ ಕಂತೆಯ ಬಟ್ಟೆ ಹೊಸ್ತಿಲು ದಾಟುವ ಹಾಗಿಲ್ಲ. ಒಂಬತ್ತು ತಿಂಗಳ ಮಗಳನ್ನು ನಾದಿನಿಯ ಮಡಿಲಿಗೆ ಹಾಕಿ ಕೆಲಸಕ್ಕೆ ಬರುವವಳು ಅವಳು. ಅಂಗಿಯ ಅಂಚನ್ನೂ ಬಿಡದೆ ಬಾಯಿಗಿಟ್ಟುಕೊಳ್ಳುವ ವಯಸ್ಸು ಎಂಥದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಟ್ಟೆಯೊಳಗಿನ ಲೋಹ ಪತ್ತೆ ಹಚ್ಚುವ ಯಂತ್ರ ಕೆಟ್ಟು ಮೂರು ವಾರವಾಗಿತ್ತು. ರಿಪೇರಿ ಮಾಡಿಸುವ ಬದಲು ಮ್ಯಾನೇಜರು ಆರು ಅಯಸ್ಕಾಂತದ ಕಡ್ಡಿ ತಂದಿದ್ದ. ಮಡಚಿದರೆ ಪೆನ್ನಿನಷ್ಟು, ಎಳೆದರೆ ಮೊಳದುದ್ದ. ಮೈಮೇಲೆ ‘ಒಂದೂವರೆ ಕಿಲೋ ಎತ್ತುತ್ತದೆ’ ಎಂಬ ಚೀಟಿ ಬೇರೆ. ಅಂಗಡಿಯಲ್ಲಿ ಒಂದರಿಂದ ಸ್ಪ್ಯಾನರ್ ಎತ್ತಿ ನೋಡಿದ್ದನಂತೆ. ಅಷ್ಟಕ್ಕೇ ಬೀಗಿದ್ದ.

ಆ ಮಧ್ಯಾಹ್ನ ಮೂಲೆ ಮೆಷಿನ್ನಿನ ಹುಡುಗಿಯ ಸೂಜಿ ಮುರಿಯಿತು. ಎರಡು ಚೂರು ಸಿಕ್ಕವು, ಮೊನೆ ಸಿಗಲಿಲ್ಲ. ಮ್ಯಾನೇಜರು ತಾನೇ ಬಂದು ನೆಲದ ಮೇಲೂ ಫ್ರಾಕುಗಳ ಮೇಲೂ ಕಡ್ಡಿ ಆಡಿಸಿದ. ಏನೂ ಅಂಟಲಿಲ್ಲ.

“ಇಲ್ಲ ಅಂದ್ರೆ ಇಲ್ಲ. ನಾಲ್ಕಕ್ಕೆ ಲಾರಿ. ಪುಸ್ತಕದಲ್ಲಿ ಸೈನ್ ಹಾಕಮ್ಮ.”

“ಮೊನೆ ಎಲ್ಲಿ ಸಾರ್?”

“ಇವಳನ್ನ ಕೇಳು. ಬೈಸ್ಕೋಬೇಕಾಗುತ್ತೆ ಅಂತ ಎಲ್ಲಿ ಬಿಸಾಕಿದಾಳೋ!”

ಹುಡುಗಿಯ ಕಣ್ಣು ತುಂಬಿತು. ಸೂಜಿ ಅಕ್ಕನ ದನಿ ಇಳಿಯಿತು. “ಆರೂ ಕಡ್ಡಿ ಇಲ್ಲಿ ಕೊಡಿ.”

ಪ್ಯಾಕಿಂಗ್ ಮೇಜಿನಿಂದ ಕಬ್ಬಿಣದ ತೂಕದ ಬಟ್ಟುಗಳನ್ನು ತಂದು ಸಾಲಾಗಿಟ್ಟಳು. ಒಂದು ಕಿಲೋ ಬಟ್ಟು ಯಾವ ಕಡ್ಡಿಗೂ ಜಗ್ಗಲಿಲ್ಲ. ಅರ್ಧ ಕಿಲೋ ಎರಡಕ್ಕೆ ಮಾತ್ರ ಮೇಲೆದ್ದಿತು. ಮೂರು ಕಡ್ಡಿಗಳು ಇನ್ನೂರು ಗ್ರಾಮಿಗೇ ಕೈಚೆಲ್ಲಿದವು. ಆರನೆಯದರ ಅಯಸ್ಕಾಂತ ಬಟ್ಟಿಗೇ ಕಚ್ಚಿಕೊಂಡು ಬರಿಯ ಕಡ್ಡಿ ಅವಳ ಕೈಗೆ ಬಂತು.

“ಅಯ್ಯೋ, ತಲೆ ಅಲ್ಲಿ, ಮುಂಡ ಇಲ್ಲಿ!” ಎಂದು ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು.

ಮ್ಯಾನೇಜರನ ಮುಖ ಕೆಂಪಾಯಿತು. “ಸೂಜಿ ಮೊನೆ ಏನು ಅರ್ಧ ಕಿಲೋ ಇರುತ್ತಾ? ಅದನ್ನ ಎತ್ತೋಕೆ ಇಷ್ಟು ಸಾಕು.”

“ಸಾಕಾ?” ಅವಳು ಡಬ್ಬಿಯಿಂದ ಹೊಸ ಸೂಜಿ ತೆಗೆದು, ಇಕ್ಕಳದಲ್ಲಿ ಅದರ ಮೊನೆ ಮುರಿದು, ಒಂದು ರದ್ದಿ ಫ್ರಾಕಿನ ಸೊಂಟದ ನೆರಿಗೆಯ ಹೊಲಿಗೆಯೊಳಕ್ಕೆ ಎಲ್ಲರೆದುರೇ ತೂರಿಸಿದಳು. “ಎಲ್ಲಿಟ್ಟೆ ಅಂತ ನೋಡಿದ್ರಲ್ಲ. ತೆಗೀರಿ.”

ಅವನು ಇದ್ದುದರಲ್ಲೇ ಗಟ್ಟಿಯಾದ ಕಡ್ಡಿಯನ್ನು ಆಡಿಸಿದ, ಒತ್ತಿದ, ತಿಕ್ಕಿದ. ನೆರಿಗೆ ಮೊನೆಯನ್ನು ಬಿಟ್ಟುಕೊಡಲಿಲ್ಲ.

“ಕೊಡಿಲ್ಲಿ, ನಾನೇ ಸೈನ್ ಹಾಕ್ತೀನಿ,” ಎಂದು ಪುಸ್ತಕಕ್ಕೆ ಕೈಚಾಚಿದ.

“ಹಾಕಿ ಸಾರ್. ಪಕ್ಕದಲ್ಲೇ ನಿಮ್ಮ ಮನೆ ಫೋನ್ ನಂಬರೂ ಬರೀರಿ. ಯಾವ ತಾಯಿ ಫೋನ್ ಮಾಡಿದ್ರೂ ನೀವೇ ಎತ್ಕೊಳ್ಳಿ.”

ಪೆನ್ನು ಕಾಗದದವರೆಗೂ ಬಂತು. ಆಮೇಲೆ ಜೇಬಿಗೆ ಹೋಯಿತು. ಲಾರಿ ಆ ಕಂತೆಯನ್ನು ಬಿಟ್ಟು ಹೊರಟಿತು.

ಸೂಜಿ ಅಕ್ಕನೂ ಹುಡುಗಿಯೂ ನೆಲದ ಮೇಲೆ ಕೂತು ಒಂದೊಂದೇ ಫ್ರಾಕು ಬಿಡಿಸಿ, ಹೆಬ್ಬೆರಳಲ್ಲಿ ಹೊಲಿಗೆ ಒತ್ತುತ್ತಾ ಹೋದರು. ಕೆಂಪು ಫ್ರಾಕುಗಳು ಮುಗಿದು ಹಳದಿಗೆ ಬಂದಾಗ ಹುಡುಗಿ ಕೈ ಕೊಡವಿದಳು. “ಅಕ್ಕಾ, ಚುಚ್ಚಿತು!” ಮೂರು ತಿಂಗಳ ಮಗುವಿನ ಅಳತೆಯ ಫ್ರಾಕು. ಕಂಕುಳ ಹೊಲಿಗೆಯಲ್ಲಿ ಮೊನೆ ಹುದುಗಿತ್ತು.

ಸೂಜಿ ಅಕ್ಕ ಮೂರು ಚೂರನ್ನೂ ಜೋಡಿಸಿ ಅಂಟಿಸಿದಳು. ಹುಡುಗಿಯ ಬೆರಳಿಗೆ ಬಟ್ಟೆಚೂರು ಸುತ್ತಿ, “ಮುಖ ತೊಳ್ಕೊ ಹೋಗು, ಬಿಸಾಕಿದಾಳೆ ಅಂದೋರಿಗೆ ನಾನು ಹೇಳ್ತೀನಿ,” ಎಂದಳು. ನೆಟ್ಟಗೆ ಮ್ಯಾನೇಜರನ ಕೋಣೆಗೆ ನಡೆದು ಪುಸ್ತಕ ತೆರೆದಿಟ್ಟಳು.

“ಮೊದಲು ಆ ಹುಡುಗಿ ಹತ್ರ ತಪ್ಪಾಯ್ತು ಅನ್ನಿ. ಯಂತ್ರ ರಿಪೇರಿ ಆಗೋವರೆಗೂ ನಾನು ಡಬ್ಬಿ ತೆಗೆಯಲ್ಲ.”

“ಸೂಜಿ ಮುರಿದಂತೆಲ್ಲ ನಲವತ್ತು ಮೆಷಿನ್ನೂ ನಿಂತುಹೋಗುತ್ತೆ ಕಣಮ್ಮ!”

“ನಿಲ್ಲಲಿ.”

ಅವನು ಅವಳ ಮುಖ ನೋಡಿದ, ಪುಸ್ತಕ ನೋಡಿದ, ಫೋನು ಎತ್ತಿಕೊಂಡ. ರಿಪೇರಿಯವನು ಎಷ್ಟು ಗಂಟೆಗೆ ಬರುತ್ತಾನೆಂದು ಕಿವಿಯಾರೆ ಕೇಳುವ ತನಕ, ಹುಡುಗಿಯನ್ನು ಕರೆಸಿ ಅವನು ತಪ್ಪಾಯ್ತು ಅನ್ನುವ ತನಕ ಅವಳು ಅಲ್ಲಿಂದ ಕದಲಲಿಲ್ಲ.