ಮುರುಗಣ್ಣ ತೆಗೆಸಿದ ಶೆಡ್ಡು

ಮುರುಗಣ್ಣ ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಗೇಟಿನ ಹೊರಗೇ ಬಿಡುತ್ತಿದ್ದ. ಭದ್ರಾವತಿಯಲ್ಲಿ ಅವನ ಹೆಸರೆತ್ತಿದರೆ ಅಂಗಡಿಯವರು ದನಿ ತಗ್ಗಿಸುತ್ತಿದ್ದರು. ಠಾಣೆಯ ರೌಡಿಪಟ್ಟಿಯಲ್ಲಿ ಅವನ ಫೋಟೊ ಇತ್ತು. ನನ್ನೆದುರು ಮಾತ್ರ ಕೈಕಟ್ಟಿ ನಿಲ್ಲುತ್ತಿದ್ದ. ಅವನ ಮಗಳಿಗೆ ನಾನು ಏಳನೇ ತರಗತಿಯಲ್ಲಿ ಗಣಿತ ಕಲಿಸಿದ್ದೆ. "ಕೂತ್ಕೊ ಮಾರಾಯ" ಎಂದರೆ, "ಟೀಚರಮ್ಮನ ಮುಂದೆ ಕೂರಕ್ಕಾಗಲ್ಲ" ಎನ್ನುತ್ತಿದ್ದ. ಅವನ ಕನ್ನಡದಲ್ಲಿ ಮನೆಮಾತು ತಮಿಳಿನ ಎಳೆತವಿತ್ತು.

ನಿವೃತ್ತಿಗೆ ಮುಂಚೆ ಕೊಂಡಿದ್ದ ನನ್ನ ಸೈಟಿನಲ್ಲಿ ಒಂದು ದಿನ ಯಾರೋ ತಗಡಿನ ಶೆಡ್ಡು ಎಬ್ಬಿಸಿ ಸಂಸಾರ ಹೂಡಿದರು. ಕಾಗದಪತ್ರಗಳೆಲ್ಲ ನನ್ನ ಹೆಸರಲ್ಲೇ ಇದ್ದವು. ಆದರೂ ಎರಡು ವರ್ಷ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. "ಫೈಲು ಸಿಗ್ತಿಲ್ಲ ಮೇಡಂ, ಸೋಮವಾರ ಬನ್ನಿ" ಎನ್ನುತ್ತಿದ್ದ ಗುಮಾಸ್ತ ಕೊನೆಗೊಮ್ಮೆ ತಲೆ ಎತ್ತದೆ, "ಮುರುಗಣ್ಣಂಗೆ ಒಂದ್ಮಾತು ಹೇಳಿ ನೋಡಿ" ಎಂದ.

ಹೇಳಿದೆ. ಸೈಟು ಯಾವ ಕಡೆ ಎಂದು ಅವನು ಎರಡೆರಡು ಸಲ ಕೇಳಿಕೊಂಡ. "ನಾಳೆ ಹೋಗಿ ನೋಡಿಯಮ್ಮ."

ಮರುದಿನ ಹೋದರೆ ಶೆಡ್ಡಿಲ್ಲ. ನೆಲವನ್ನೂ ಗುಡಿಸಿದ್ದರು. ಅಲ್ಲೇ ನಿಂತು ಅತ್ತುಬಿಟ್ಟೆ.

ತಿಂಗಳ ಮೇಲೆ ಹೊಳೆಹೊನ್ನೂರಿನ ಬಸ್ಸಿನಲ್ಲಿ, ಆ ಶೆಡ್ಡಿನಲ್ಲಿದ್ದ ಹೆಂಗಸೇ ನನ್ನ ಪಕ್ಕ ಬಂದು ಕೂತಳು. "ಅಲ್ಲಿ ಇರಿ ಅಂದೋರೂ ಮುರುಗಣ್ಣನ ಕಡೆಯೋರೇ, ಎದ್ದೇಳಿ ಅಂದೋರೂ ಅವರೇ ಅಕ್ಕ. ಪಾತ್ರೆ ತಗೊಳ್ಳೋಕೂ ಬಿಡ್ಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಅವನು ಮನೆಗೆ ಬಂದಾಗ ಕೇಳಿಯೇಬಿಟ್ಟೆ. ಅವನು ಮುಚ್ಚಿಡಲಿಲ್ಲ. "ನಿಮ್ದು ಅಂತ ಗೊತ್ತಿರ್ಲಿಲ್ಲಮ್ಮ. ಗೊತ್ತಾದ ದಿನಾನೇ ತೆಗ್ಸಿದ್ನಲ್ಲ."

"ಬೇರೆಯವರದಾಗಿದ್ರೆ?"

"ಅವ್ರು ಇನ್ನೂ ಆಫೀಸಿಗೆ ಅಲೀತಾ ಇರ್ತಿದ್ರು."

ಸೊಕ್ಕಿನಿಂದ ಹೇಳಿದ್ದಲ್ಲ, ಬಸ್ಸಿನ ವೇಳೆ ತಿಳಿಸುವಂತೆ ಹೇಳಿದ. ಬೈಯಬೇಕು ಎಂದುಕೊಂಡವಳು ಒಳಹೋಗಿ ಕಾಫಿ ಮಾಡಿ ತಂದೆ. ಯಾಕೆಂದು ಇವತ್ತಿಗೂ ತಿಳಿಯದು. ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ. ಮತ್ತೆ ಅವನನ್ನು ನೋಡಲಿಲ್ಲ. ಜಿಲ್ಲೆಯಿಂದ ಗಡಿಪಾರು ಮಾಡಿದರಂತೆ.

ಆ ಸೈಟಿನಲ್ಲಿ ಮನೆ ಕಟ್ಟಲು ಮನಸ್ಸಾಗಲಿಲ್ಲ, ಮಾರಲೂ ಇಲ್ಲ. ಈಗ ಶಿವಮೊಗ್ಗದಲ್ಲಿ, ರಾಗಿಗುಡ್ಡದ ಬಳಿ ಬಾಡಿಗೆಗಿದ್ದೇನೆ. ಮೊನ್ನೆ ಪಕ್ಕದ ಮನೆಯ ಶಾರದಮ್ಮ, ತಮ್ಮ ಜಾಗಕ್ಕೆ ಯಾರೋ ಬೇಲಿ ಹಾಕಿದ್ದಾರೆಂದು ಕಣ್ಣೀರಿಟ್ಟರು.

"ನಿಮ್ದು ಹೇಗೆ ಸರಿಹೋಯ್ತು ಟೀಚರ್?"

"ಅರ್ಜಿ ಕೊಟ್ಟಿದ್ದೆ" ಎಂದೆ.