ಕೊನೆಯ ರೀಲಿನ ಹಸಿರು ಸೀರೆ

ಮದುವೆಯಾದ ಹೊಸದರಲ್ಲಿ ನಾನೂ ನನ್ನ ಗಂಡನೂ ಮೊದಲ ಸಲ ಮಾತು ಬಿಟ್ಟದ್ದು ಒಂದು ಸೈಕಲ್ ರೇಸಿನ ವಿಷಯಕ್ಕೆ. ಆ ರೇಸು ಇದ್ದದ್ದು ಹಳೆಯದೊಂದು ತೆಲುಗು ಹಾಸ್ಯ ಸಿನಿಮಾದಲ್ಲಿ. ಚಿಕ್ಕಂದಿನಲ್ಲಿ ನಾನು ಆಂಧ್ರದ ಗಡಿಯ ರಾಯದುರ್ಗದ ಕಡೆಯ ಹಳ್ಳಿಯಲ್ಲಿ, ಅವರು ಮಡಕಶಿರಾ ಕಡೆಯ ಹಳ್ಳಿಯಲ್ಲಿ, ಬೇರೆ ಬೇರೆ ಟೆಂಟುಗಳ ನೆಲದ ಮೇಲೆ ಕೂತು ಅದನ್ನು ನೋಡಿದ್ದೆವು. ಇಬ್ಬರೂ ನೋಡಿದ್ದು ಒಂದೇ ಸಿನಿಮಾ ಎಂದು ತಿಳಿದಾಗ ಬಹಳ ಖುಷಿಯಾಯಿತು. ಆ ಖುಷಿ ಕೈಯಲ್ಲಿದ್ದ ಕಾಫಿ ಮುಗಿಯುವವರೆಗೂ ಉಳಿಯಲಿಲ್ಲ.

"ಕೊನೆಗೆ ಎಮ್ಮೆ ಮೇಲೆ ಕೂತ್ಕೊಂಡು ಬಂದು ಗೆಲ್ತಾನಲ್ಲ, ಅದು ಮಾತ್ರ ಮರೆಯಾಕಾಗಲ್ಲ" ಅಂದರು ಅವರು.

"ಗೆಲ್ಲೋದಿಲ್ರೀ, ಸೋಲ್ತಾನ" ಅಂದೆ. "ಹೊಂಡದಾಗ ಬಿದ್ದು ಸೋಲ್ತಾನ. ಆಮ್ಯಾಲೆ ಆಕಿ ಕೆಸರಿಗೆ ಇಳಿದು ಬಂದು ಸೋತವಗ ಮಾಲಿ ಹಾಕ್ತಾಳ. ಹಸಿರು ಸೀರಿ, ಕೆಂಪಂಚು. ಮೊಣಕಾಲ ತನಕ ರಾಡಿ."

"ಹಸಿರು ಸೀರೆನಾ? ಅದು ಕಪ್ಪು ಬಿಳುಪು ಸಿನಿಮಾ ಕಣೇ."

ಸಿನಿಮಾ ಕಪ್ಪು ಬಿಳುಪು ಎನ್ನುವುದು ನನಗೂ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿದರೆ ಆ ಸೀರೆ ಹಸಿರಾಗಿಯೇ ಕಾಣುತ್ತಿತ್ತು. ಲೋಟ ಎತ್ತಿಕೊಂಡು ಒಳಗೆ ಹೋದೆ.

ನಮ್ಮೂರಿನ ಯಾರನ್ನು ಕೇಳಿದ್ದರೂ ನನ್ನ ಪಕ್ಷವೇ ವಹಿಸುತ್ತಿದ್ದರು. ಅದಕ್ಕೆ ಕಾರಣ ನಮ್ಮಪ್ಪ. ಅಪ್ಪ ಟೂರಿಂಗ್ ಟಾಕೀಸಿನ ಆಪರೇಟರ್. ಟೆಂಟು ವರ್ಷದಲ್ಲಿ ಒಂದಷ್ಟು ತಿಂಗಳು ನಮ್ಮೂರಿನಲ್ಲಿ, ಅಂದರೆ ಅವ್ವನ ತವರಿನಲ್ಲಿ, ಬೀಡುಬಿಡುತ್ತಿತ್ತು. ಶನಿವಾರ ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗಿ ಬರುವವರು ಕೂಡ ಬಂಡಿ ನಿಲ್ಲಿಸಿ ಮೊದಲ ಆಟ ನೋಡಿಕೊಂಡು ಹೋಗುತ್ತಿದ್ದರು. ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದರೆ ಇನ್ನೊಂದನ್ನು ಏರಿಸುವವರೆಗೆ ಪರದೆ ಕತ್ತಲಾಗುತ್ತಿತ್ತು. ಆ ಬಿಡುವಿನಲ್ಲಿ ಅಪ್ಪ ಮೈಕು ಹಿಡಿದು, ಆಗಿಹೋದ ರೀಲಿನ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ನಮ್ಮೂರಿನವರಿಗೆ ತೆಲುಗು ಬರುತ್ತಿರಲಿಲ್ಲ ಅಂತಲ್ಲ. ಕುರಿ ಮಾರುವುದಕ್ಕೆ, ಕೊಳ್ಳುವುದಕ್ಕೆ, ಬೈಯುವುದಕ್ಕೆ ಎಲ್ಲರಿಗೂ ಬರುತ್ತಿತ್ತು. ಆದರೆ ಸಂತೆಯ ತೆಲುಗು ಬೇರೆ, ಸಿನಿಮಾದ ತೆಲುಗು ಬೇರೆ. ಅದು ಓಡುವ ವೇಗಕ್ಕೆ ನಮ್ಮ ಅಜ್ಜಿಯಂಥವರ ನಗು ಒಂದು ರೀಲು ಹಿಂದೆ ಉಳಿಯುತ್ತಿತ್ತು. ಅಪ್ಪ ಹೇಳಿದ ಮೇಲೆ ಅವರು ನಿಧಾನಕ್ಕೆ, ಹೊಟ್ಟೆ ತುಂಬ ನಗುತ್ತಿದ್ದರು.

ಆ ಸಿನಿಮಾದ ಕತೆ ದೊಡ್ಡದೇನಲ್ಲ. ಕಡ್ಡಿಯಂಥ ಒಬ್ಬ ದರ್ಜಿ, ಗೂಳಿಯಂಥ ಒಬ್ಬ ಗೌಡನ ಮಗ. ಇಬ್ಬರಿಗೂ ಹೆಡ್‌ಮಾಸ್ತರರ ಮಗಳ ಮೇಲೆ ಕಣ್ಣು. ಅವಳು ಎಲ್ಲಿ ನಿಂತು ನೋಡುತ್ತಾಳೋ ಅಲ್ಲೇ ಇವರಿಬ್ಬರ ಪೈಪೋಟಿ. ಕಬಡ್ಡಿಯಲ್ಲಿ ದರ್ಜಿ ಉಸಿರು ಹಿಡಿದು ಹೋದವನು ಸೀನಿ ಔಟಾಗುತ್ತಾನೆ. ಹಗ್ಗ ಎಳೆಯುವ ಪಂದ್ಯದಲ್ಲಿ ಗೆಲ್ಲಲೆಂದು ಹಗ್ಗದ ತುದಿಯನ್ನು ನಿಂತಿದ್ದ ಎತ್ತಿನಗಾಡಿಗೆ ಕಟ್ಟುತ್ತಾನೆ. ಎತ್ತುಗಳು ಬೆದರಿ ಎರಡೂ ತಂಡಗಳನ್ನು ಊರಾಚೆಗೆ ಎಳೆದುಕೊಂಡು ಹೋಗುತ್ತವೆ. ಕೊನೆಗೆ ಸೈಕಲ್ ರೇಸು. ಗೆದ್ದವನಿಗೆ ಹೆಡ್‌ಮಾಸ್ತರರ ಮಗಳ ಕೈಯಿಂದ ಮಾಲೆ. ದರ್ಜಿಯ ಸೈಕಲ್ಲಿನ ಬ್ರೇಕು ಕಿತ್ತುಹೋಗಿ ಅವನು ಕೋಳಿಗಳ ನಡುವೆ, ಮದುವೆಯ ಪಂಕ್ತಿಯ ನಡುವೆ ನುಗ್ಗಿ, ಎಮ್ಮೆಗಳು ಬಿದ್ದುಕೊಂಡಿದ್ದ ಹೊಂಡಕ್ಕೆ ಧೊಪ್ಪನೆ ಬೀಳುತ್ತಾನೆ.

ಅಲ್ಲಿಗೆ ಪರದೆ ಕತ್ತಲು. ಅಪ್ಪನ ದನಿ ಬರುತ್ತಿತ್ತು.

"ಕೊನೇ ರೀಲು ಹರಿದೈತ್ರಿ. ಯಾರೂ ಏಳಬ್ಯಾಡ್ರಿ. ಕತಿ ಎಲ್ಲೂ ಹೋಗಿಲ್ಲ, ನನ್ನ ಹತ್ರ ಐತಿ."

ಅಪ್ಪ ಅವಸರ ಮಾಡುತ್ತಿರಲಿಲ್ಲ. ಗೌಡನ ಮಗ ಗೆರೆ ದಾಟಿದ, ಊರೆಲ್ಲ ಶಿಳ್ಳೆ ಹಾಕಿತು, ಅವನು ಎದೆ ಉಬ್ಬಿಸಿ ಕುತ್ತಿಗೆ ಚಾಚಿ ನಿಂತ. ಹುಡುಗಿ ಮಾಲೆ ಹಿಡಿದು ಬಂದಳು, ಅವನ ಮುಂದೆಯೇ ಬಂದಳು, ಅವನನ್ನು ದಾಟಿಕೊಂಡು ಹೋದಳು. ನೇರ ಹೊಂಡಕ್ಕೆ ಇಳಿದಳು. ಇಲ್ಲಿ ಅಪ್ಪನ ದನಿ ತಗ್ಗುತ್ತಿತ್ತು. "ಹಬ್ಬದ ಹೊಸ ಸೀರಿ ನೋಡ್ರಿ. ಹಸಿರು ಸೀರಿ, ಕೆಂಪಂಚು. ಒಂದು ಸಲ ಸುದ್ದಾ ನೀರಿಗೆ ಹಾಕಿದ್ದಲ್ಲ. ಆದ್ರ ಆಕಿ ಸೀರಿ ನೋಡ್ಲಿಲ್ಲ, ಮಾಲಿ ಹಾಕಿ ಅವನ ಕೈ ಹಿಡಿದ್ಲು." ಅಷ್ಟು ಹೇಳಿ ದೀಪ ಹಾಕಿಬಿಡುತ್ತಿದ್ದರು. ಜನ ಸಿನಿಮಾ ಪೂರ್ತಿ ನೋಡಿದವರಂತೆ ಮಾತಾಡುತ್ತ ಮನೆಗೆ ಹೋಗುತ್ತಿದ್ದರು. ಮಾಲೀಕನೂ ತಕರಾರು ಮಾಡಲಿಲ್ಲ, ಟಿಕೆಟ್ಟು ಹೋಗುತ್ತಿತ್ತಲ್ಲ. ಆ ಸೀರೆಯ ಜಾಗ ಬಂದಾಗ ಹೆಂಗಸರ ಕಡೆ ಕೂತಿದ್ದ ಹಿರಿಯರು ತಿರುಗಿ ನಮ್ಮತ್ತ ನೋಡಿ ಮುಸಿಮುಸಿ ನಗುತ್ತಿದ್ದರು. ಆಪರೇಟರ್ ಮಗಳೆಂದು ನನ್ನನ್ನೇ ನೋಡುತ್ತಿದ್ದಾರೆ ಎಂದು ನಾನು ಜಂಬದಿಂದ ಜಡೆ ಮುಂದಕ್ಕೆ ಹಾಕಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಅಪ್ಪ ಅವ್ವನ ಮದುವೆಯೂ ಒಂದು ಪೈಪೋಟಿಯಿಂದಲೇ ಆದದ್ದು. ಆ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಊರಲ್ಲಿ ಯುಗಾದಿಗೆ ಗುಂಡು ಎತ್ತುವ ಪಂದ್ಯ. ಗುಡಿಯ ಮುಂದಿನ ಉರುಟು ಕಲ್ಲನ್ನು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಅವ್ವನ ಸೋದರತ್ತೆಯ ಮಗ ಪ್ರತಿ ವರ್ಷ ಎತ್ತುತ್ತಿದ್ದ. ಹೆಣ್ಣು ಅವನಿಗೇ ಎಂದು ಊರೇ ಎಂದೋ ತೀರ್ಮಾನಿಸಿತ್ತು. ಅಪ್ಪ ಆಗ ಟೆಂಟಿನ ಹುಡುಗ, ರಾಯದುರ್ಗದಿಂದ ಬಂದವರು. ನಮ್ಮ ಕುಲದವರೇ ಆದರೂ ಹೊಲವಿಲ್ಲ, ಮನೆಯಿಲ್ಲ, ಮೈಯಲ್ಲಿ ಮಾಂಸವೂ ಇಲ್ಲ. ಯಾರೋ ಕೆಣಕಿದ್ದಕ್ಕೆ ಗುಂಡು ಹಿಡಿದೇಬಿಟ್ಟರು. ಮೊಣಕಾಲವರೆಗೆ ಎತ್ತಿದರಂತೆ. ಆಮೇಲೆ ಗುಂಡೇ ಅವರನ್ನು ಎತ್ತಿಕೊಂಡು ಹೋದ ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗಿ, ಗುಂಡು ಹೊರಗೆ ಬಿದ್ದು, ಅಪ್ಪ ದನ ನೀರು ಕುಡಿಯುವ ತೊಟ್ಟಿಯೊಳಗೆ ಬಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. "ಯಾರೋ ಪುಣ್ಯಾತ್ಮರು ಎಳೆದ್ರು, ಬದುಕಿದೆ" ಎನ್ನುತ್ತಿದ್ದರು ಅಪ್ಪ. ಅವ್ವ ಮಾತ್ರ ಮನೆಗೆ ಬಂದವಳೇ, "ಮಾಡ್ಕೊಂಡ್ರ ತೊಟ್ಟ್ಯಾಗ ಬಿದ್ದವನ್ನ ಮಾಡ್ಕೋತೀನಿ" ಎಂದು ಹಟ ಹಿಡಿದಳಂತೆ. ತಾತ ತಲೆ ಚಚ್ಚಿಕೊಂಡರು, ಕೊನೆಗೆ ಒಪ್ಪಿದರು.

ಅಪ್ಪ ಹೋಗಿ ಈಗ ಎರಡು ವರ್ಷ. ಅವ್ವ ರಾಯದುರ್ಗದಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತಾಳೆ, ಬೇಸಿಗೆಗೆ ಮಡಕಶಿರಾಕ್ಕೆ ನಮ್ಮಲ್ಲಿಗೆ ಬರುತ್ತಾಳೆ. ಊಟ ನಿದ್ದೆ ಎಲ್ಲ ಸರಿಯಾಗಿಯೇ ಇದೆ. ಆದರೆ ಅಪ್ಪ ಹೋದ ಮೇಲೆ ಅವ್ವ ಸಿನಿಮಾ ನೋಡಿಲ್ಲ. ಟಿವಿಯಲ್ಲಿ ಸಿನಿಮಾ ಶುರುವಾದರೆ ಏನಾದರೂ ನೆಪ ಹೇಳಿ ಒಳಗೆ ಎದ್ದುಹೋಗುತ್ತಾಳೆ. ಅವಳು ನಕ್ಕದ್ದನ್ನೂ ನಾನು ನೋಡಿರಲಿಲ್ಲ. ನನಗೆ ಅವ್ವನ ಅಳುವಿಗಿಂತ ಅದೇ ಹೆಚ್ಚು ಸಂಕಟ ಕೊಡುತ್ತಿತ್ತು.

ಈ ಬೇಸಿಗೆಯಲ್ಲಿ ನನ್ನ ಗಂಡ ಮೊಬೈಲು ಹಿಡಿದು ಅಡುಗೆಮನೆಗೆ ಬಂದರು. ಮುಖದಲ್ಲಿ ಕೇಸು ಗೆದ್ದ ಕಳೆ.

"ಸಿಕ್ಬಿಡ್ತು ಕಣೇ ಸಿನಿಮಾ. ಪೂರ್ತಿ ಐತೆ, ಎಮ್ಮೆ ಸಮೇತ. ಟಿವಿಗೆ ಹಾಕಾಣ, ಅತ್ತೆಮ್ಮನೂ ನೋಡ್ಲಿ."

ಸಣ್ಣ ತೆರೆಯಲ್ಲಿ ಆ ಕೊನೆಯನ್ನು ನಿಂತುಕೊಂಡೇ ನೋಡಿದೆ. ಹೊಂಡದಲ್ಲಿ ಬಿದ್ದ ದರ್ಜಿಯನ್ನು ಬೆನ್ನ ಮೇಲೆ ಹೊತ್ತು ಎಮ್ಮೆಯೊಂದು ಗಾಬರಿಯಿಂದ ಓಡುತ್ತದೆ, ಗೌಡನ ಮಗನಿಗಿಂತ ಮೊದಲು ಗೆರೆ ದಾಟುತ್ತದೆ. ಹುಡುಗಿ ನಗುತ್ತ ಗೆದ್ದವನಿಗೆ ಮಾಲೆ ಹಾಕುತ್ತಾಳೆ. ಅಷ್ಟು ವರ್ಷಗಳ ಜಗಳದಲ್ಲಿ ನಾನು ಸೋತಿದ್ದೆ. ಅದಕ್ಕೆ ನನಗೆ ಬೇಸರವಾಗಲಿಲ್ಲ. ಹೆದರಿಕೆಯಾಯಿತು.

"ಅವ್ವಗ ತೋರಿಸಬ್ಯಾಡ್ರಿ" ಅಂದೆ. "ಅಪ್ಪ ಹೇಳಿದ ಕತಿ ಸುಳ್ಳು ಅಂತ ಈ ವಯಸ್ನಾಗ ಆಕಿ ನೋಡಬೇಕೇನು? ಉಳಿದಿರೋದು ಅದೊಂದ."

ಅವರು ಮೊಬೈಲು ಆರಿಸಿ ಜೇಬಿಗೆ ಹಾಕಿಕೊಂಡರು. ಗೆದ್ದದ್ದನ್ನು ಬಿಟ್ಟುಕೊಡುವುದು ಅವರಿಗೆ ಸುಲಭವಲ್ಲವೆಂದು ನನಗೆ ಗೊತ್ತು. "ಹೊಂಡಕ್ಕೆ ಬೀಳೋಗಂಟ ತೋರ್ಸಾಣ. ಆಮ್ಯಾಕೆ ನೆಟ್ ಹೋಯ್ತು ಅಂದ್ಬುಡಾಣ" ಅಂದರು. ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಬಹಳ ದಿನದ ಮೇಲೆ.

ಸಂಜೆ ಟಿವಿಯಲ್ಲಿ ಹಾಕಿದೆವು. ಶುರುವಿನ ಹಾಡಿಗೇ ಅವ್ವ ಎದ್ದು ನಿಂತಳು, ಒಳಗೆ ಹೋಗಲು. ಆಮೇಲೆ ದರ್ಜಿಯ ಮುಖ ಕಂಡು ಹಾಗೇ ಕೂತಳು. ಕಬಡ್ಡಿಯಲ್ಲಿ ಅವನು ಸೀನುವುದಕ್ಕೆ ಮೊದಲೇ ಅವಳ ಮೂಗು ಅರಳಿತ್ತು. ಎತ್ತಿನಗಾಡಿ ಬಂದಾಗ ನಕ್ಕೇಬಿಟ್ಟಳು, ಕೆಮ್ಮು ಬರುವ ಹಾಗೆ. ನಾನು ಟಿವಿ ಬಿಟ್ಟು ಅವಳನ್ನೇ ನೋಡುತ್ತ ಕೂತೆ. ಟಿವಿಯಲ್ಲಿ ಸಿನಿಮಾ ಎಲ್ಲೂ ನಿಲ್ಲದೆ ಓಡುತ್ತಿತ್ತು. ರೀಲು ಬದಲಾಗುತ್ತಿದ್ದ ಜಾಗಗಳು ಅವ್ವನಿಗೆ ಮಾತ್ರ ನೆನಪಿದ್ದವು.

"ಇಲ್ಲಿ ನಿಮ್ಮಪ್ಪ ಬೀಡಿ ಹಚ್ಚತಿದ್ರು" ಎನ್ನುತ್ತಿದ್ದಳು. ಇನ್ನೊಂದು ಕಡೆ, "ಇಲ್ಲಿ ಮೈಕಿಗೆ ಒಂದು ಏಟು ಹಾಕ್ತಿದ್ರು" ಅಂದಳು.

ದರ್ಜಿ ಹೊಂಡಕ್ಕೆ ಬಿದ್ದ. ನನ್ನ ಗಂಡ ಟಿವಿ ನಿಲ್ಲಿಸಿದರು. "ನೆಟ್ ಹೋಯ್ತು ಅತ್ತೆಮ್ಮ" ಎಂದು ಬೇರೆ ಕಡೆ ನೋಡಿದರು. ಸುಳ್ಳು ಹೇಳುವುದು ಅವರಿಗೆ ಬರುವುದಿಲ್ಲ.

"ಹೋದ್ರ ಹೋಗ್ಲಿ ಬಿಡ್ರಿ" ಅಂದಳು ಅವ್ವ. ನನ್ನ ಕಡೆ ತಿರುಗಿ, "ಮುಂದಿಂದು ನೀ ಹೇಳು."

ನಾನು ಹೇಳಿದೆ. ಅಪ್ಪ ಹೇಳುತ್ತಿದ್ದ ಹಾಗೆಯೇ, ಅವರು ನಿಲ್ಲಿಸುತ್ತಿದ್ದಲ್ಲಿ ನಿಲ್ಲಿಸಿ ಹೇಳಿದೆ. ಹಸಿರು ಸೀರೆಗೆ ಬಂದಾಗ ಅವರಂತೆಯೇ ದನಿ ತಗ್ಗಿಸಿದೆ.

ಅವ್ವ ಎಲ್ಲ ಕೇಳಿ, "ಎಮ್ಮಿ ಬಿಟ್ಟಿ" ಅಂದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ನಿಂಗ ಗೊತ್ತೇನವ್ವ?"

"ಗೊತ್ತಿಲ್ದ ಏನು. ರೀಲಿನ ಡಬ್ಬಿ ಬಂದ ದಿನ ಟಿಕೆಟ್ ಕೊಡೋಕ ಮೊದಲ ನಿಮ್ಮಪ್ಪ ಕೊನೇ ರೀಲು ಹಾಕಿ ನೋಡ್ತಿದ್ರು, ಎಲ್ಲಾದ್ರೂ ಹರಿದೈತೇನು ಅಂತ. ನಾ ರೊಟ್ಟಿ ಕೊಡಾಕ ಹೋಗಿದ್ದೆ. ಇಡೀ ಟೆಂಟಿನಾಗ ನಾವಿಬ್ರ. ಎಮ್ಮಿ ಓಡೋದು ನೋಡಿ ಭಾಳ ನಕ್ಕೆ. ಆಕಿ ಮಾಲಿ ಹಾಕಿದ ಮ್ಯಾಲೆ ನಂಗ ಸಿಟ್ಟು ಬಂತು. ಗೆದ್ದಾನಂತ ಹಾಕ್ತಾಳಲ್ರೀ ಈಕಿ, ನಾ ನಿಮ್ಮನ್ನ ಗೆದ್ದೀರಂತ ಎತ್ತಿದ್ನೇನು ಅಂದೆ."

"ನೀ ಎತ್ತಿದ್ದಾ?"

"ಮತ್ಯಾರು? ಊರೆಲ್ಲ ಹಲ್ಲು ಕಿಸಿದು ನಿಂತಿತ್ತು. ಕಾಲು ಮ್ಯಾಲೆ, ತಲಿ ನೀರಾಗ. ನಾನೂ ನಕ್ಕೆ. ನಗ್ತಾ ನಗ್ತಾ ಹೋಗಿ ತೊಟ್ಟಿಗೆ ಇಳಿದೆ. ಯುಗಾದಿಯ ಹಸಿರು ಸೀರಿ, ಅವತ್ತ ಮಡಿಕಿ ಬಿಚ್ಚಿ ಉಟ್ಟಿದ್ದು. ತೊಟ್ಟಿ ತುಂಬ ಪಾಚಿ, ರಾಡಿ. ಮದುವಿ ಆಗದ ಹುಡುಗಿ ಪರಗಂಡಸಿನ ಕೈ ಹಿಡಿದ್ಲು ಅಂತ ನಮ್ಮವ್ವ ಆ ಮಾತ ಮನ್ಯಾಗ ಎತ್ತಬಾರದು ಅಂದ್ಲು. ಯಾರೂ ಎತ್ತಲಿಲ್ಲ." ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ನಿಮ್ಮಪ್ಪನೂ ಮನ್ಯಾಗ ಎತ್ತಲಿಲ್ಲ. ಆದ್ರ ನಾ ಮಾಲಿ ನೋಡಿ ಸಿಟ್ಟಾದ ದಿನ ಸಂಜಿ ಮೈಕಿನ್ಯಾಗ ಕೊನೇ ರೀಲು ಹರಿದೈತ್ರಿ ಅಂದ್ರು. ದಿನಾ ಅಂದ್ರು."

ಹೆಂಗಸರು ತಿರುಗಿ ನೋಡುತ್ತಿದ್ದದ್ದು ಯಾರನ್ನು ಎಂದು ನನಗೆ ಆಗ ತಿಳಿಯಿತು. ಜಡೆ ಮುಂದಕ್ಕೆ ಹಾಕಿಕೊಳ್ಳುತ್ತಿದ್ದ ಆ ಪೆದ್ದು ಹುಡುಗಿಯನ್ನು ನೆನೆದು ನಗುವೂ ಬಂತು, ಅಳುವೂ ಬಂತು. ನಾನು ಎರಡನ್ನೂ ತಡೆಯಲಿಲ್ಲ.

"ಈಗ ನೆಟ್ ಬಂದಿರಬೇಕು, ಹಾಕ್ರಿ" ಅಂದಳು ಅವ್ವ ಅಳಿಯನಿಗೆ.

ಅವರು ಹಾಕಿದರು. ಎಮ್ಮೆ ಓಡಿತು, ಅವ್ವ ನಕ್ಕಳು, ಅವರೂ ನಕ್ಕರು. ದರ್ಜಿ ಗೆದ್ದ. ಹುಡುಗಿ ಬಿಳಿಯ ಸೀರೆಯ ನೆರಿಗೆ ಎತ್ತಿ ಹಿಡಿದು, ಒಣಗಿದ ನೆಲದ ಮೇಲೆ ನಡೆದು ಬಂದು ಮಾಲೆ ಹಾಕಿದಳು. ಅವ್ವ ಮುಂದಕ್ಕೆ ಬಾಗಿ ಆ ಹುಡುಗಿಯನ್ನು ಕಾಲಿಂದ ತಲೆವರೆಗೆ ನೋಡಿದಳು.

"ಪಾಪ" ಅಂದಳು. "ಈಕಿ ಸೀರಿಗೆ ಒಂದು ಹನಿ ರಾಡಿ ಹತ್ತಲಿಲ್ಲ ನೋಡು."